ಆರು ಪ್ರೆಸ್ಸು, ಹನ್ನೆರಡು ಮಂದಿ

1979ರ ಡಿಸೆಂಬರ್ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ, ಬೆಳಗಾವಿಯ ಟಿಳಕವಾಡಿಯಲ್ಲಿದ್ದ ನಮ್ಮ ಕಚೇರಿಯಲ್ಲಿ ಕುಳಿತು, ಬಾಳವ್ವ ಎಂಬ ಹೆಣ್ಣುಮಗಳ ಹೆಸರಿದ್ದ ಸಮೀಕ್ಷೆಯ ಫಾರ್ಮಿನ ಮೇಲೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ರದ್ದು’ ಎಂದು ಬರೆದೆ. ಆಕೆ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಆ ಗೆರೆ ಆಕೆಗೆ ಏನು ಮಾಡಿತು ಎಂಬುದು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ಕೂಲಿ, ಕಾರ್ಮಿಕ ಸಂಘ, ಮಾಲೀಕರು ಮತ್ತು ಕೆಲಸಗಾರರ ಸಂಬಂಧ ಇವುಗಳ ಬಗ್ಗೆ ಊರೂರು ತಿರುಗಿ ವಿವರ ಕಲೆಹಾಕುವ ಒಂದು ಸಣ್ಣ ಸಂಶೋಧನಾ ಘಟಕದಲ್ಲಿ ನಾನು ಫೀಲ್ಡ್ ಇನ್ವೆಸ್ಟಿಗೇಟರ್ ಆಗಿದ್ದೆ. ನಿವೃತ್ತನಾದ ಮೇಲೆ ಮಹಾಂತೇಶ ನಗರದಲ್ಲಿ ಇದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ಬಂದು, ಆಗ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ವಿಷಯ ಇದರಲ್ಲಿ ಇಲ್ಲ.

ಇದಕ್ಕೆ ಮೊದಲು ಎರಡು ವರ್ಷ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಲ್ಲಿಯ ಹಿರಿಯ ಉಪಸಂಪಾದಕರು ನನಗೆ ಕಲಿಸಿದ್ದು ಒಂದೇ ಪಾಠ. ಆದದ್ದನ್ನು ಮೊದಲ ಸಾಲಿನಲ್ಲಿ ಹೇಳು, ನಿನಗೆ ಅನಿಸಿದ್ದನ್ನು ನಿನ್ನ ಹತ್ತಿರ ಇಟ್ಟುಕೋ. ಇದು ಒಳ್ಳೆಯ ಪಾಠ ಎಂದು ಈಗಲೂ ನಂಬಿದ್ದೇನೆ. ಆದರೆ ಕಣ್ಣಿಗೆ ಕಂಡದ್ದೂ ‘ಅನಿಸಿದ್ದರ’ ಜೊತೆಗೆ ಸೇರಿ ಕೆಲವೊಮ್ಮೆ ಹೊರಗೆ ಹೋಗುತ್ತದೆ. ಅದನ್ನು ಅವರು ಹೇಳಿರಲಿಲ್ಲ.

ಘಟಕದ ಮುಖ್ಯಸ್ಥರು ಇನಾಮದಾರ ಸರ್. ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಒಂದರಲ್ಲಿ ಸರ್, ಇನ್ನೊಂದರಲ್ಲಿ ನಾನು, ಟೈಪಿಸ್ಟ್ ಮತ್ತು ಅಟ್ಟದವರೆಗೆ ಏರಿದ ಫಾರ್ಮುಗಳ ಕಟ್ಟುಗಳು.

ನನ್ನ ಮೊದಲ ಪ್ರಮಾದ 1974ರದು. ಬೆಳಗಾವಿಯ ಒಂದು ವಿದ್ಯುತ್ ಮಗ್ಗದ ಶೆಡ್ಡಿಗೆ ಹೋಗಿದ್ದೆ. ನಮ್ಮ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕಚೇರಿಯಲ್ಲೇ ಕನ್ನಡಕ್ಕೆ ತಂದಿದ್ದೆವು. ವಯಸ್ಸಾದ ಒಬ್ಬ ನೇಕಾರರ ಮುಂದೆ ನಿಂತು ಓದಿದೆ: “ನಿಮಗೆ ವಾರ್ಷಿಕವಾಗಿ ಲಭ್ಯವಿರುವ ವೇತನಸಹಿತ ರಜೆಯ ಅವಧಿ ಎಷ್ಟು?”

ಅವರು ಮಗ್ಗ ನಿಲ್ಲಿಸಲಿಲ್ಲ. “ಏನಂದ್ರಿ?”

“ರಜಾ, ರಜಾ. ವರ್ಷಕ್ಕ ಎಷ್ಟ ಸಿಗತಾವ್ರಿ?”

“ಕರೆಂಟ್ ಹ್ವಾದಾಗ ರಜಾ, ಬಂದಾಗ ಡ್ಯೂಟಿ. ನಿಮ್ಮ ಹಾಳ್ಯಾಗ ಕರೆಂಟಿಗೆ ಒಂದ ಕಾಲಂ ಐತೇನ್ರಿ?”

ಇರಲಿಲ್ಲ. ಮಾಲೀಕರು ಬಾಗಿಲಲ್ಲಿ ನಿಂತೇ ಇದ್ದರು. ಹಾಗಾಗಿ ಉಳಿದ ಪ್ರಶ್ನೆಗಳಿಗೆ ಎಲ್ಲ ಮಗ್ಗಗಳಿಂದಲೂ ಒಂದೇ ಉತ್ತರ ಬಂತು. ಸಂಜೆ ಇನಾಮದಾರ ಸರ್ ಫಾರ್ಮುಗಳನ್ನು ತಿರುವಿ ಹಾಕಿ, “ಮೂಲಿಮನಿ, ಇಷ್ಟೂ ಮಂದಿ ಒಂದ ಬಾಯಿಲೇ ಮಾತಾಡ್ಯಾರಲ್ಲ. ನೀವು ಮಗ್ಗದವರನ್ನ ಕೇಳೀರೋ, ಮಾಲಕರನ್ನೋ?” ಎಂದರು.

ಆ ದಿನದಿಂದ ಅವರು ಎರಡು ನಿಯಮ ಹಾಕಿದರು. ಮಾಲೀಕರ ಕಣ್ಣಿಗೆ ಬೀಳುವ ಜಾಗದಲ್ಲಿ ಪ್ರಶ್ನೆ ಕೇಳಬಾರದು. ಸಮೀಕ್ಷೆ ನಡೆಯುವ ಕಡೆ ಯಾರ ಚಹಾವನ್ನೂ ಕುಡಿಯಬಾರದು. ಮಾಲೀಕರ ಚಹಾ ಕುಡಿದರೆ ಕೆಲಸಗಾರರು ಬಾಯಿ ಮುಚ್ಚುತ್ತಾರೆ. ಕೆಲಸಗಾರರ ಚಹಾ ಕುಡಿದರೆ ಮಾಲೀಕರು ಪುಸ್ತಕ ಮುಚ್ಚುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ಸೀಮೆಯಲ್ಲಿ ಚಹಾ ಬೇಡ ಎಂದವನನ್ನು ಜನ ಎರಡನೆಯ ಸಲ ಕೂಡ್ರಲು ಹೇಳುವುದಿಲ್ಲ. ನೀರಿನ ಬಾಟಲಿ, ಕಾಗದದಲ್ಲಿ ಸುತ್ತಿದ ಚಪಾತಿ ಹಿಡಿದುಕೊಂಡು ಗೇಟಿನ ಆಚೆಯೂ ಅಲ್ಲದ ಈಚೆಯೂ ಅಲ್ಲದ ಜಾಗದಲ್ಲಿ ಊಟ ಮಾಡಿದ ದಿನಗಳೇ ಹೆಚ್ಚು. ಮದುವೆಯಾಗಿ ಎರಡನೆಯ ವರ್ಷ, 1975ರಲ್ಲಿ, ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ಟಿಳಕವಾಡಿಯ ರೂಮಿನಲ್ಲಿಯೂ ಊಟ ಹಾಗೆಯೇ ನಡೆಯಿತು.

1979ರ ಅಕ್ಟೋಬರಿನಲ್ಲಿ ಹಂಚಿನ ಕಾರ್ಖಾನೆಗಳ ಸಮೀಕ್ಷೆ ಶುರುವಾಯಿತು. ನನಗೆ ಬಂದದ್ದು ಖಾನಾಪುರದ ಒಂದು ಕಾರ್ಖಾನೆ. ಆರು ಪ್ರೆಸ್ಸುಗಳು, ಎರಡು ಭಟ್ಟಿಗಳು, ಒಂದು ಚಿಮಣಿ. ಮ್ಯಾನೇಜರು ಮಂಗಳೂರ ಕಡೆಯವರು, ಎಲ್ಲರೂ ಅವರನ್ನು ರಾಯರು ಎಂದೇ ಕರೆಯುತ್ತಿದ್ದರು. ಸೌಮ್ಯ ಮನುಷ್ಯ. ಕೇಳಿದ ತಕ್ಷಣ ಮಸ್ಟರ್, ಅಂದರೆ ಹಾಜರಿ ಪುಸ್ತಕ, ತಂದು ಮುಂದಿಟ್ಟರು. ಪ್ರೆಸ್ ವಿಭಾಗದ ಪುಟದಲ್ಲಿ ಆರು ಗಂಡಸರ ಹೆಸರುಗಳಿದ್ದವು.

ಆಫೀಸಿನ ಕಿಟಕಿಯಿಂದ ಪ್ರೆಸ್ಸುಗಳು ಕಾಣುತ್ತಿದ್ದವು. ನಾನು ಎಣಿಸಿದೆ. ಪ್ರತಿ ಪ್ರೆಸ್ಸಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಅವನು ಮಣ್ಣಿನ ಹಲಗೆಯನ್ನು ಅಚ್ಚಿನೊಳಗೆ ಇಡುತ್ತಾನೆ, ಪ್ರೆಸ್ಸು ಇಳಿದು ಏಳುತ್ತದೆ, ಅವಳು ಹಸಿ ಹಂಚನ್ನು ಎತ್ತಿಕೊಳ್ಳುತ್ತಾಳೆ, ಅಂಚು ಕೊಯ್ದು ಒಣಗಿಸುವ ಹಲಗೆಯ ಮೇಲೆ ಇಡುತ್ತಾಳೆ. ಅಷ್ಟರಲ್ಲಿ ಅವನ ಮುಂದಿನ ಮಣ್ಣು ತಯಾರಾಗಿರುತ್ತದೆ.

“ರಾಯರೇ, ಅಲ್ಲಿ ಹನ್ನೆರಡು ಜನ ಕಾಣುತ್ತಾರಲ್ಲ?”

ಅವರು ಕಿಟಕಿಯ ಕಡೆ ತಿರುಗಲಿಲ್ಲ. “ಅವರು ಗಂಡಂದಿರಿಗೆ ಬುತ್ತಿ ತರುವುದು ಮಾರಾಯ್ರೇ. ಬಂದವರು ಸುಮ್ಮನೆ ಕೂರುವುದು ಯಾಕೆ ಅಂತ ಸ್ವಲ್ಪ ಕೈ ಜೋಡಿಸುವುದು. ಅಷ್ಟೇ.”

ಆಗ ಬೆಳಿಗ್ಗೆ ಒಂಬತ್ತೂವರೆ. ಬುತ್ತಿಯ ಹೊತ್ತಲ್ಲ. ಈ ಸಮಯವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮರುಪ್ರಶ್ನೆ ಕೇಳಲಿಲ್ಲ.

ಸಂಘದ ಕಾರ್ಯದರ್ಶಿ ಕೃಷ್ಣಾ ಸುತಾರ ಭಟ್ಟಿಯ ಕೆಲಸಗಾರ. ಸುಮಾರು ನನ್ನ ವಯಸ್ಸಿನವನೇ, ಮಾತಿನಲ್ಲಿ ಖಾರ. ಗೇಟಿನ ಎದುರಿನ ಹೋಟೆಲಿನ ಮುಂದೆ ನಿಂತು ಕೂಗಿದ: “ಬರ್ರಿ ಸಾಹೇಬ್ರ, ಚಹಾ ಕುಡಿಯೂಣು.”

“ಬ್ಯಾಡ್ರಿ.”

“ಮಾಲಕರ ಮನ್ಯಾಗ ಆತೇನು?”

“ಅವರದೂ ಕುಡಿಯೂದಿಲ್ಲ.”

“ನಮ್ಮದೂ ಇಲ್ಲ, ಅವರದೂ ಇಲ್ಲ. ಹಂಗಾರ ನಿಮಗ ಚಹಾ ಕುಡಸೋರು ಯಾರ್ರಿ, ಸರಕಾರದವರೇನು?” ಹೋಟೆಲಿನ ಬಾಕಿನ ಮೇಲಿದ್ದವರು ನಕ್ಕರು. ನಾನೂ ನಗಬೇಕಿತ್ತು. ಬಾಟಲಿ ತೆಗೆದು ನೀರು ಕುಡಿದೆ.

ಕಾರ್ಖಾನೆಯೊಳಗೆ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ. ರಾಯರು ಒಬ್ಬ ಗುಮಾಸ್ತನನ್ನು ನನ್ನ ಹೆಗಲಿಗೆ ಅಂಟಿಸಿಬಿಟ್ಟಿದ್ದರು. ಕೆಲಸಗಾರರಲ್ಲಿ ಅನೇಕರು ಗುಂಜಿಯ ಕಡೆಯಿಂದ ರೈಲಿನಲ್ಲಿ ಬಂದು ಹೋಗುವವರು. ಹಾಗಾಗಿ ಸಂಜೆಯ ಪ್ಯಾಸೆಂಜರ್ ಗಾಡಿಯೇ ನನ್ನ ಕಚೇರಿಯಾಯಿತು. ಖಾನಾಪುರದಲ್ಲಿ ಅವರ ಜೊತೆ ಹತ್ತಿ, ಗುಂಜಿಯಲ್ಲಿ ಇಳಿದು, ಬೆಳಗಾವಿಗೆ ಹೋಗುವ ಗಾಡಿಗೆ ಕಾಯುತ್ತಿದ್ದೆ. ಹೊಸಬರಿಗೆ ಈ ಪದ್ಧತಿಯನ್ನು ಈಗಲೂ ಹೇಳುತ್ತೇನೆ. ಮನೆಗೆ ಹೋಗುತ್ತಿರುವ ಮನುಷ್ಯ ಕೆಲಸಕ್ಕೆ ಹೋಗುತ್ತಿರುವ ಮನುಷ್ಯನಿಗಿಂತ ನಿಜ ಹೇಳುತ್ತಾನೆ.

ಒಂದು ಸಂಜೆ ಎದುರಿನ ಸೀಟಿನಲ್ಲಿ ಮಾರುತಿ ಎಂಬ ಪ್ರೆಸ್ ಕೆಲಸಗಾರ ಕುಳಿತಿದ್ದ. ಅವನ ಮನೆತನದವರು ಹಿಂದೆ ಗುಂಜಿಯ ಕಾಡಂಚಿನಲ್ಲಿ ಎಮ್ಮೆ ಕಾಯುತ್ತಿದ್ದವರು. ಪಕ್ಕದಲ್ಲಿ ಅವನ ಹೆಂಡತಿ ಬಾಳವ್ವ. ಮೊಳಕೈಯವರೆಗೆ ಒಣಗಿದ ಮಣ್ಣು. ಆಕೆಯ ತವರು ಕಿತ್ತೂರ ಕಡೆ. ಗಂಡನ ಜೊತೆ ಮರಾಠಿ, ನನ್ನ ಜೊತೆ ಕನ್ನಡ.

“ನಿಮ್ಮ ಪ್ರೆಸ್ಸಿನ್ಯಾಗ ಎಷ್ಟು ಮಂದಿ ಕೆಲಸ ಮಾಡ್ತೀರಿ?” ಎಂದು ಮಾರುತಿಯನ್ನು ಕೇಳಿದೆ.

“ಒಬ್ಬನ ರೀ. ನಾ.”

ಬಾಳವ್ವ ಕಿಟಕಿಯಿಂದ ಮುಖ ತಿರುಗಿಸಿದಳು. “ಹೌದ? ಮತ್ತ ನಾ ದಿನಾ ಅಲ್ಲಿ ಸಿನಿಮಾ ನೋಡಾಕ ಬರತೇನೇನು?”

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಮಾರುತಿ ಮೆಲ್ಲಗೆ, “ಮಸ್ಟರದಾಗ ಒಂದ ಹೆಸರ ಐತಲಾ. ಅದನ್ನ ಹೇಳಿದೆ” ಎಂದ.

“ಅವರು ಮಂದಿ ಎಷ್ಟಂತ ಕೇಳ್ಯಾರ. ಮಸ್ಟರದಾಗ ಎಷ್ಟಂತ ಕೇಳಿಲ್ಲ.” ನನ್ನ ಕಡೆ ತಿರುಗಿದಳು. “ಬರಕೊಳ್ರಿ ಸಾಹೇಬ್ರ. ನಾ ಹಂಚ ಎತ್ತಲಿಲ್ಲಂದ್ರ ಇಂವಾ ಮುಂದಿನ ಮಣ್ಣ ಎಲ್ಲಿ ಇಡತಾನ, ತಲೀ ಮ್ಯಾಲೆ? ನಾ ಒಂದ ದಿನಾ ಮಲಗಿದ್ರ ಆ ಪ್ರೆಸ್ಸೂ ಮಲಗತೈತಿ. ಜೋಡೀನ ತರಬೇಕು ಅಂತ ಹೇಳೇ ರಾಯರು ಕೆಲಸಕ್ಕ ಇಟಗೊಂಡಾರ. ಲಗ್ನ ಆಗದಾಂವಗ ಪ್ರೆಸ್ ಕೊಡೂದಿಲ್ಲ.”

ಇದು ನನಗೆ ಹೊಸ ಮಾತು. ಮುಂದಿನ ಸಂಜೆಗಳಲ್ಲಿ ಆರೂ ಪ್ರೆಸ್ಸಿನವರನ್ನು ಬೇರೆ ಬೇರೆಯಾಗಿ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಜೋಡಿಗೆ ಕೆಲಸ, ಜೋಡಿಗೆ ಒಂದೇ ಹೆಸರು, ಆ ಹೆಸರು ಗಂಡನದು. ಕೂಲಿಯೂ ಅವನ ಕೈಗೆ.

ಆ ಆರು ಹೆಂಗಸರಲ್ಲಿ ನಾನು ಮೊದಲು ತುಂಬಿದ್ದು ಬಾಳವ್ವನ ಫಾರ್ಮು, ಆ ಮೊದಲ ಸಂಜೆಯೇ. ಹೆಸರು ಬರೆದ ಮೇಲೆ ಆಕೆ, “ಎಲ್ಲೈತಿ ತೋರಸ್ರಿ” ಎಂದಳು. ಆಕೆಗೆ ಓದು ಬರುತ್ತಿರಲಿಲ್ಲ. ತೋರಿಸಿದೆ. ಅಕ್ಷರಗಳ ಕೆಳಗೆ ಬೆರಳು ಇಟ್ಟು ಆಚೆಯಿಂದ ಈಚೆಗೆ ಒಮ್ಮೆ ಎಳೆದಳು. ಕಾಗದಕ್ಕೆ ಮಣ್ಣು ಹತ್ತಿತು.

ಆಮೇಲೆ ಕೇಳಿದಳು: “ನಿಮ್ಮ ಮನ್ಯಾಗ ಯಾರ್ಯಾರ ಅದಾರ್ರಿ?”

ಉತ್ತರ ಕೊಡುವವರು ತಿರುಗಿ ಪ್ರಶ್ನೆ ಕೇಳಿದರೆ ನಯವಾಗಿ ಮಾತು ಬದಲಿಸಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ನಾನು, “ಯಾರೂ ಇಲ್ಲ” ಎಂದೆ.

“ಅದಕ್ಕ ಮಂದೀ ಮನೀ ಸುದ್ದಿ ಕೇಳ್ಕೋತ ಅಡ್ಡಾಡ್ತೀರಿ” ಎಂದಳು ಆಕೆ. ಅಣಕವೂ ಇತ್ತು, ಬರೀ ಅಣಕ ಇರಲಿಲ್ಲ. ಈ ವೃತ್ತಿಯಲ್ಲಿ ಸಾವಿರಾರು ಜನರ ಮನೆಯ ವಿವರ ಬರೆದುಕೊಂಡಿದ್ದೇನೆ. ನನ್ನ ಮನೆಯ ವಿಷಯ ಕೇಳಿದವರು ನೆನಪಿನಲ್ಲಿ ಉಳಿಯುವಷ್ಟು ಕಡಿಮೆ.

ಗುಂಜಿಯಲ್ಲಿ ಅವರೆಲ್ಲ ಇಳಿದು ಎರಡು ನಿಮಿಷದಲ್ಲಿ ಮರಗಳ ನಡುವೆ ಚದುರಿಹೋದರು. ಪ್ಲಾಟ್‌ಫಾರ್ಮಿನ ಮೇಲೆ ಸ್ಟೇಶನ್ ಮಾಸ್ತರರು ಮತ್ತು ನಾನು. ಅವರು ತಮ್ಮ ಕೋಣೆಯೊಳಗೆ ಹೋದರು. ನನ್ನ ಗಾಡಿ ಬರುವವರೆಗೆ ಬಾಕಿನ ಮೇಲೆ ಕುಳಿತು ಫಾರ್ಮಿನ ಖಾಲಿ ಉಳಿದ ಕಾಲಂಗಳನ್ನು ತುಂಬಿದೆ. ಆ ಸಮೀಕ್ಷೆಯಲ್ಲಿ ಹಾಗೆ ಕಳೆದ ಸಂಜೆಗಳು ಹದಿನಾಲ್ಕು.

ಇನ್ನು ರದ್ದು ಮಾಡಿದ ದಿನದ ವಿಷಯ.

ನಮ್ಮಲ್ಲಿ ‘ತಾಳೆ’ ಎಂಬ ಹಂತವಿತ್ತು. ತುಂಬಿದ ಪ್ರತಿ ಫಾರ್ಮನ್ನೂ ಮಸ್ಟರಿನ ನಕಲಿನೊಂದಿಗೆ ಹೋಲಿಸಬೇಕು. ಜನ ಸುಳ್ಳು ಹೇಳಬಹುದು, ಮರೆಯಬಹುದು. ಮಸ್ಟರಿಗೆ ಕಾರ್ಖಾನೆ ಇನ್‌ಸ್ಪೆಕ್ಟರರ ಸಿಕ್ಕಾ, ಅಂದರೆ ಮೊಹರು, ಇರುತ್ತದೆ. ಹೋಲದ ಫಾರ್ಮುಗಳು ಆರು ಬಂದವು. ಆರೂ ಹೆಂಗಸರವು. ಸರ್ ಬಳಿಗೆ ಒಯ್ದೆ.

“ತಾಳೆ ಆಗವಲ್ದು ಅಂದ್ರ ಎರಡರೊಳಗ ಒಂದು ತಪ್ಪದ. ಯಾವುದು ತಪ್ಪಂತ ಅಲ್ಲಿ ಹೋದವರು ನೀವು, ನೀವ ಠರಾಯಿಸ್ರಿ” ಎಂದು ಅವರು ಮತ್ತೆ ಬರವಣಿಗೆಗೆ ತಲೆ ಬಗ್ಗಿಸಿದರು.

ಇದನ್ನು ಸ್ಪಷ್ಟವಾಗಿ ದಾಖಲಿಸಬೇಕು. ರದ್ದು ಮಾಡು ಎಂದು ಅವರು ಹೇಳಲಿಲ್ಲ. ಷರಾ ಬರೆಯಲು ಫಾರ್ಮಿನಲ್ಲಿ ಜಾಗವಿತ್ತು. ಕಿಟಕಿಯಿಂದ ಹನ್ನೆರಡು ಜನರನ್ನು ನಾನೇ ಎಣಿಸಿದ್ದೆ. ಗಂಟೆ ಒಂಬತ್ತೂವರೆ ಎಂದು ನೋಟ್‌ಬುಕ್ಕಿನಲ್ಲಿತ್ತು. ಆದರೂ ಆರು ಬಾಯಿಮಾತುಗಳ ಎದುರಿಗೆ ಸಿಕ್ಕಾ ಇದ್ದ ಒಂದು ಪುಸ್ತಕ ಇದ್ದಾಗ ನನ್ನ ಕೈ ಪುಸ್ತಕದ ಕಡೆ ಹೋಯಿತು. ಫೂಟಪಟ್ಟಿ ಇಟ್ಟು ಆರು ಗೆರೆ ಎಳೆದೆ. ‘ದಾಖಲೆಯಿಂದ ದೃಢಪಟ್ಟಿಲ್ಲ, ರದ್ದು.’ ಹತ್ತು ನಿಮಿಷದ ಕೆಲಸ. ಆಮೇಲೆ ಎಲ್ಲವೂ ತಾಳೆಯಾಯಿತು.

ವರದಿಯ ಆ ಅಧ್ಯಾಯದ ಕರಡು ನನ್ನದೇ. ಅದರಲ್ಲಿ ಒಂದು ವಾಕ್ಯವಿದೆ: ‘ಪ್ರೆಸ್ ವಿಭಾಗದಲ್ಲಿ ಹೆಂಗಸರು ಕೆಲಸಕ್ಕಿಲ್ಲ.’ ಚಿಕ್ಕ, ನೇರ ವಾಕ್ಯ. ಪತ್ರಿಕೆಯ ಡೆಸ್ಕಿನಲ್ಲಿದ್ದರೆ ಯಾರೂ ಅದನ್ನು ತಿದ್ದುತ್ತಿರಲಿಲ್ಲ. ವರದಿಯನ್ನು ಸೈಕ್ಲೋಸ್ಟೈಲ್ ಮಾಡಿ, ಹೊಲಿದು, ಕಾರ್ಖಾನೆಗಳಿಗೂ ಸಂಘಗಳಿಗೂ ಕಾರ್ಮಿಕ ಇಲಾಖೆಗೂ ಒಂದೊಂದು ಪ್ರತಿ ಕಳಿಸಿದೆವು.

ಮುಂದಿನ ನಾಲ್ಕು ವರ್ಷ ನಾನು ಬೇರೆ ಕಡೆ ಇದ್ದೆ. ಬೀಡಿ, ಫೌಂಡ್ರಿ, ಸಕ್ಕರೆ. ಕೆಲಸದ ರೀತಿ ಬದಲಾಗುತ್ತಿತ್ತು. ಮೊದಲು ಫಾರ್ಮುಗಳನ್ನು ನೆಲದ ಮೇಲೆ ಹರವಿ ಕೈಯಿಂದ ವಿಂಗಡಿಸುತ್ತಿದ್ದೆವು. ಫ್ಯಾನು ಹಾಕುವ ಹಾಗಿರಲಿಲ್ಲ. ಆಮೇಲೆ ಉತ್ತರಗಳನ್ನು ಅಂಕಿಗಳಾಗಿ ಬದಲಿಸಿ ಬೇರೆ ಊರಿನ ಯಂತ್ರಕ್ಕೆ ಕಳಿಸತೊಡಗಿದೆವು. ಅಂಕಿಯಾದ ಮೇಲೆ ಯಾವ ಉತ್ತರ ಯಾರದು ಎಂಬುದು ನಮಗೂ ಮರೆತುಹೋಗುತ್ತಿತ್ತು. ಅದು ಅನುಕೂಲ ಎಂದೇ ಆಗ ತಿಳಿದಿದ್ದೆ.

1984ರ ಜನವರಿಯಲ್ಲಿ ಒಂದು ಮಧ್ಯಾಹ್ನ ಕೃಷ್ಣಾ ಸುತಾರ ನಮ್ಮ ಮೆಟ್ಟಿಲು ಹತ್ತಿ ಬಂದ. ಹಿಂದೆ ಬಾಳವ್ವ. ಸುತಾರನ ಕೈಯಲ್ಲಿ ನಮ್ಮ ವರದಿ. ಒಂದು ಪುಟಕ್ಕೆ ಬೀಡಿಕಟ್ಟಿನ ಕಾಗದ ಇಟ್ಟಿದ್ದ. ಕೂಡ್ರಲಿಲ್ಲ.

“ಈ ಸಾಲ ಬರದಾಂವ ಯಾವ ಮಗಾ ಅಂತ ಕೇಳಾಕ ಬಂದೇನಿ” ಎಂದು ಆ ವಾಕ್ಯವನ್ನು ಜೋರಾಗಿ ಓದಿದ.

“ನಾನು” ಎಂದೆ.

ಅವನು ಕುರ್ಚಿ ಎಳೆದುಕೊಂಡು ಸಂಗತಿ ಹೇಳಿದ. ಹಿಂದಿನ ಮಳೆಗಾಲದಲ್ಲಿ ಮಾರುತಿ ಕಾಮಾಲೆಯಿಂದ ತೀರಿಕೊಂಡಿದ್ದ. ಹದಿಮೂರು ದಿನ ಕಳೆದು ಬಾಳವ್ವ ಕೆಲಸಕ್ಕೆ ಹೋದಾಗ ರಾಯರು, ಇಲ್ಲಿ ನಿನಗೆ ಯಾವತ್ತೂ ಕೆಲಸ ಇರಲಿಲ್ಲವಲ್ಲ ತಾಯಿ, ಎಂದರು. ಅವರ ಪ್ರೆಸ್ಸಿಗೆ ಬೇರೆ ಜೋಡಿ ಬಂದಿತ್ತು. ಆಕೆ ಸಂಘಕ್ಕೆ ಹೋದಳು. ಸಂಘ ಬೆಳಗಾವಿಯ ಲೇಬರ್ ಆಫೀಸರರ ಹತ್ತಿರ ಅರ್ಜಿ ಹಾಕಿತು. ಹದಿನೈದು ವರ್ಷದ ಕೆಲಸಗಾರ್ತಿ, ಪ್ರೆಸ್ಸೂ ಬೇಕು, ಹಿಂದಿನ ಸೇವೆಯೂ ಲೆಕ್ಕಕ್ಕೆ ಬರಬೇಕು ಎಂದು. ಮೊದಲ ವಿಚಾರಣೆಯಲ್ಲಿ ರಾಯರು ಮಸ್ಟರ್ ತೋರಿಸಿದರು. ಎರಡನೆಯದರಲ್ಲಿ ನಮ್ಮ ವರದಿ ತೋರಿಸಿದರು. ಇದನ್ನು ಬರೆದವರು ಮಾಲೀಕರೂ ಅಲ್ಲ, ಸಂಘದವರೂ ಅಲ್ಲ, ಹೊರಗಿನ ಸಂಶೋಧಕರೇ ಬಂದು ನೋಡಿ ಬರೆದದ್ದು, ಎಂದರಂತೆ.

“ಉಳಿದ ಐದ ಮಂದಿ ಹೆಣ್ಣಮಕ್ಕಳು?” ಎಂದು ಕೇಳಿದೆ.

“ಅವರ ಗಂಡಂದಿರು ಬಿಡಬೇಕಲ್ರಿ. ಸಾಕ್ಷಿ ಹೇಳಿದ್ರ ತಮ್ಮ ಜೋಡೀನೂ ತಗಿತಾರಂತ ಹೆದರ್ಯಾರ.” ಸುತಾರನ ದನಿ ಮತ್ತೆ ಏರಿತು. “ನೀವು ಕಲತವರು, ಗಾಡ್ಯಾಗ ಕುಂತ ಬರಕೊಂಡ್ರಿ. ನಾನ ನೋಡೇನಿ. ಬರಕೊಂಡದ್ದು ಎಲ್ಲಿ ಹೋತ್ರಿ?”

ಬಾಳವ್ವ ಮುಂದೆ ಬಂದು, “ನೀ ಯಾಕ ಅವರ ಮ್ಯಾಲೆ ಬಾಯಿ ಮಾಡ್ತೀ ಕೃಷ್ಣಾ? ನಿಮ್ಮ ಸಂಘದ ಯಾದ್ಯಾಗರ ನನ್ನ ಹೆಸರ ಐತೇನ?” ಎಂದಳು.

ಇರಲಿಲ್ಲ. ಸಂಘದ ಸದಸ್ಯರ ಯಾದಿಯನ್ನೂ ಮಸ್ಟರ್ ನೋಡಿಯೇ ಬರೆದಿದ್ದರು.

ನಾನು ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಖಾನಾಪುರದ ಕಟ್ಟು ಇಳಿಸಿದೆ. ರದ್ದಾದ ಫಾರ್ಮುಗಳನ್ನು ನಾವು ಹರಿದು ಎಸೆಯುತ್ತಿರಲಿಲ್ಲ, ಕಟ್ಟಿನ ತಳಕ್ಕೆ ಸೇರಿಸುತ್ತಿದ್ದೆವು. ಸಿಕ್ಕಿತು. ಹೆಸರಿನ ಕೆಳಗೆ ಮಣ್ಣಿನ ಗುರುತು, ಮೇಲೆ ಕೆಂಪು ಗೆರೆ. ಬಾಳವ್ವ ಅದನ್ನು ಬಹಳ ಹೊತ್ತು ನೋಡಿದಳು.

“ಗೆರಿ ಬಾಳ ಸರಳ ಐತ್ರಿ. ಫೂಟಪಟ್ಟಿ ಇಟ್ಟ ಹೊಡದೀರೇನು?”

“ಹೌದ್ರಿ.”

“ಹಂ” ಎಂದಳು.

ಅವರು ಹೋದ ಮೇಲೆ ಸರ್ ಕೋಣೆಗೆ ಹೋಗಿ, ಮುಂದಿನ ವಿಚಾರಣೆಗೆ ಹೋಗಿ ಆ ಸಾಲು ತಪ್ಪು ಎಂದು ಹೇಳುತ್ತೇನೆ ಎಂದೆ. ಫಾರ್ಮು ನೋಡಿ ಅವರು ಕನ್ನಡಕ ತೆಗೆದಿಟ್ಟರು. “ಮೂಲಿಮನಿ, ಒಂದು ಸಾಲು ತಪ್ಪದ ಅಂತ ನಾವ ಹೇಳಿದ್ರ, ಉಳದ ಸಾಲು ಯಾರ ನಂಬತಾರ? ನಾಳೆ ಯಾವ ಕಾರ್ಖಾನಿಯವರೂ ನಿಮಗ ಮಸ್ಟರ್ ತಗದು ತೋರಸೂದಿಲ್ಲ. ಇಬ್ಬರ ಕಡೆಗೂ ಹೋಗಬಾರದು ಅಂತನ ನಾವು ಹತ್ತು ವರ್ಷ ಚಹಾ ಬಿಟ್ಟಿದ್ದು.”

“ಹೋಗ್ಬ್ಯಾಡ ಅಂತೀರೇನ್ರಿ?”

ಅವರು ಕಿಟಕಿಯ ಹೊರಗೆ ನೋಡಿದರು. “ಹೋಗ್ರಿ. ತಪ್ಪು ಬರದವರು ನೀವು, ನೀವ ಹೇಳಬೇಕು. ಆದ್ರ ಘಟಕದ ಪರವಾಗಿ ಅಲ್ಲ. ಒಂದು ದಿನದ ಸಿ.ಎಲ್. ಹಾಕಿ ಹೋಗ್ರಿ.” ರಜೆಯ ಅರ್ಜಿಗೆ ಅವರೇ ಕಾಗದ ಕೊಟ್ಟರು.

ಫೆಬ್ರವರಿಯಲ್ಲಿ ವಿಚಾರಣೆ. ಲೇಬರ್ ಆಫೀಸರರ ಕೋಣೆಯಲ್ಲಿ ರಾಯರು ಒಂದು ಕಡೆ, ಸುತಾರ ಮತ್ತು ಬಾಳವ್ವ ಇನ್ನೊಂದು ಕಡೆ. ನನಗೆ ಕುರ್ಚಿ ಹಾಕಿದ್ದು ಬಾಗಿಲ ಹತ್ತಿರ. ರಾಯರು ನನಗೆ ನಮಸ್ಕಾರ ಹೇಳಿದರು. ಆಫೀಸರರು ಫಾರ್ಮು ತೆಗೆದುಕೊಂಡರು. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅಂದೇ ಬರೆದಿಟ್ಟುಕೊಂಡೆ, ಹಾಗಾಗಿ ಇಲ್ಲಿ ಕೊಡಬಲ್ಲೆ.

“ಈ ಹೆಸರು, ವಿವರ ಬರೆದವರು ಯಾರು?”

“ನಾನು. ಅಕ್ಟೋಬರಿನಲ್ಲಿ.”

“ಗೆರೆ ಹೊಡೆದವರು?”

“ನಾನೇ. ಡಿಸೆಂಬರಿನಲ್ಲಿ.”

“ಯಾರಾದರೂ ಒತ್ತಾಯ ಮಾಡಿದ್ದರೇ?”

“ಇಲ್ಲ.”

“ಹಾಗಾದರೆ ಅಕ್ಟೋಬರಿನ ನಿಮ್ಮನ್ನು ನಂಬಬೇಕೋ, ಡಿಸೆಂಬರಿನ ನಿಮ್ಮನ್ನೋ?”

“ಅಕ್ಟೋಬರಿನಲ್ಲಿ ನಾನು ಕಾರ್ಖಾನೆಯಲ್ಲಿದ್ದೆ. ಡಿಸೆಂಬರಿನಲ್ಲಿ ಟೇಬಲ್ಲಿನ ಮುಂದಿದ್ದೆ.”

ನೋಟ್‌ಬುಕ್ಕನ್ನೂ ಕೊಟ್ಟೆ. ಹನ್ನೆರಡು ಜನ, ಬೆಳಿಗ್ಗೆ ಒಂಬತ್ತೂವರೆ. ಅವರು ಓದಿದರು. “ನಾನು ನಿಮ್ಮನ್ನು ನಂಬುತ್ತೇನೆ ಮೂಲಿಮನಿಯವರೇ. ಆದರೆ ಇದು ನಿಮ್ಮ ಖಾಸಗಿ ಪುಸ್ತಕ. ರದ್ದಾದ ಕಾಗದ ದಾಖಲೆ ಆಗುವುದಿಲ್ಲ, ಛಾಪಿಸಿದ ವರದಿ ಆಗುತ್ತದೆ” ಎಂದರು.

ಮಧ್ಯಾಹ್ನದವರೆಗೆ ಮಾತುಕತೆ ನಡೆಯಿತು. ರಾಯರು ಮೂರು ಸಲ ಹೊರಗೆ ಹೋಗಿ ಮಾಲೀಕರಿಗೆ ಫೋನು ಮಾಡಿ ಬಂದರು. ಕೊನೆಗೆ ಒಪ್ಪಂದವಾಯಿತು. ಬಾಳವ್ವನನ್ನು ಪ್ರೆಸ್ಸಿಗೆ ತೆಗೆದುಕೊಳ್ಳುವುದು, ಮಸ್ಟರಿನಲ್ಲಿ ಆಕೆಯ ಹೆಸರು ಬರೆಯುವುದು. ಹಿಂದಿನ ಹದಿನೈದು ವರ್ಷಗಳಿಗೆ ದಾಖಲೆ ಇಲ್ಲದ್ದರಿಂದ ಆ ಬೇಡಿಕೆಯನ್ನು ಸಂಘ ಕೈಬಿಡುವುದು. ಸುತಾರ ಸಹಿ ಮಾಡುವ ಮೊದಲು ಆಕೆಯನ್ನು ನೋಡಿದ. ಆಕೆ, “ಹಾಕು, ಸಹಿ ಹಾಕು. ಮನ್ಯಾಗ ಹುಡಗೂರ ಅದಾವ” ಎಂದು ತಾನೇ ಶಾಯಿಯ ಪ್ಯಾಡನ್ನು ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದ ಮೇಲೆ ಅವರಿಬ್ಬರೂ ಖಾನಾಪುರದ ಬಸ್ಸಿನ ಕಡೆ ನಡೆದರು. ಎದುರಿಗೆ ಹೋಟೆಲಿತ್ತು. ಅಂದು ನಾನು ರಜೆಯಲ್ಲಿದ್ದೆ, ನಿಯಮ ಅನ್ವಯಿಸುತ್ತಿರಲಿಲ್ಲ. ಸುತಾರ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಸರ್ ಹೇಳಿದ್ದು ನಿಜವಾಯಿತು. ಖಾನಾಪುರದ ಹಂಚಿನ ಕಾರ್ಖಾನೆಗಳಲ್ಲಿ ನನಗೆ ಮತ್ತೆ ಯಾರೂ ಮಸ್ಟರ್ ತೋರಿಸಲಿಲ್ಲ. ಕೆಲಸಗಾರರೂ ರೈಲಿನಲ್ಲಿ ನನ್ನನ್ನು ನೋಡಿದರೆ ಬೇರೆ ಡಬ್ಬಿ ಹತ್ತುತ್ತಿದ್ದರು. ನಾನು ವರದಿಗೆ ಒಂದು ತಿದ್ದುಪಡಿ ಚೀಟಿ ಬರೆದೆ. ಸರ್ ಅದನ್ನು ಓದಿ, ಒಂದು ಪದವನ್ನೂ ಬದಲಿಸದೆ ಸೈಕ್ಲೋಸ್ಟೈಲ್ ಮಾಡಿಸಿದರು. ವರದಿ ಹೋದ ವಿಳಾಸಗಳಿಗೆಲ್ಲ ಕಳಿಸಿದೆವು. ತಲುಪಿತು ಎಂದು ತಿಳಿಸಿದ್ದು ಒಂದೇ ಗ್ರಂಥಾಲಯ. ಆ ವರ್ಷದಿಂದ ನಮ್ಮ ಫಾರ್ಮಿನ ಮೊದಲ ಕಾಲಂ ಬದಲಾಯಿತು. ಮಸ್ಟರ್ ನೋಡುವ ಮೊದಲು ಕೆಲಸದ ಜಾಗದಲ್ಲಿ ಕಂಡ ಜನರನ್ನು ಎಣಿಸಿ, ಗಂಟೆ ಬರೆದು, ಸಹಿ ಮಾಡಬೇಕು. ತಾಳೆಯಾಗದಿದ್ದರೆ ಎರಡೂ ಲೆಕ್ಕಗಳನ್ನು ವರದಿಯಲ್ಲಿ ಕೊಡಬೇಕು. ಹೊಸದಾಗಿ ಸೇರುವವರಿಗೆ ನಾನು ಹೇಳಿಕೊಡಬಹುದಾದದ್ದು ಇದೊಂದೇ. ಇದಕ್ಕೆ ಬೆಲೆ ತೆತ್ತವರು ನಾವಲ್ಲ.

ಬಾಳವ್ವನನ್ನು ಆಮೇಲೆ ಒಂದೇ ಸಲ ನೋಡಿದೆ, 1987ರಲ್ಲಿ, ಖಾನಾಪುರದ ಸ್ಟೇಶನ್ನಿನಲ್ಲಿ. ಆಕೆ ಆಚೆಯ ಪ್ಲಾಟ್‌ಫಾರ್ಮಿನಲ್ಲಿದ್ದಳು. ನನ್ನನ್ನು ಗುರುತಿಸಿದಳೋ ಇಲ್ಲವೋ ಹೇಳಲಾರೆ. ನಡುವೆ ಗಾಡಿ ಬಂದು ನಿಂತಿತು.

ಊರುಗಳಲ್ಲಿ ಜನ ಹಂಚಿನ ಬದಲು ಸ್ಲ್ಯಾಬು ಹಾಕಿಸತೊಡಗಿದ್ದರು. 1989ರ ಜೂನಿನಲ್ಲಿ ಆ ಕಾರ್ಖಾನೆ ಮುಚ್ಚಿತು. ಪರಿಹಾರ ಪಡೆಯುವ ಕೆಲಸಗಾರರ ಪಟ್ಟಿಯನ್ನು ಗೇಟಿಗೆ ಅಂಟಿಸಿದ್ದಾರೆ ಎಂದು ತಿಳಿದು, ಒಂದು ಭಾನುವಾರ ಹೋಗಿ ನಕಲು ಮಾಡಿಕೊಂಡೆ. ಪ್ರೆಸ್ ವಿಭಾಗದಲ್ಲಿ ಏಳು ಹೆಸರುಗಳಿದ್ದವು. ಆರು ಗಂಡಸರವು. ಏಳನೆಯದು: ಬಾಳವ್ವ ಮಾರುತಿ, ಗುಂಜಿ. ಸೇವೆ ಆರಂಭ, 1984.